ದಮ್ಮಿನ ಹುಡುಗಿಯೂ ನಮ್ಮ ಸಾಲಿಯೂ

ಮಕ್ಕಳ ನಡುವೆ ದಿನ ಕಳೆಯುವ ಮೇಷ್ಟ್ರಿಗೆ ನಗುವಿಗೆ ಬರವಿಲ್ಲ. ಎಷ್ಟೋ ದಿನ ಹಾಜರಿ ಕೂಗಿ ಮುಗಿಯುವುದರೊಳಗೇ ಏನೋ ಒಂದು ನಡೆದುಬಿಡುತ್ತದೆ. ನಮ್ಮ ಸೀಮೆ ಮದ್ರಾಸ್ ಸರ್ಕಾರದ ಕೆಳಗಿದ್ದ ಕಾಲ. ನಾನು ಕಂಪ್ಲಿಯ ಸಾಲಿಯಲ್ಲಿ ಮೇಷ್ಟ್ರಾಗಿದ್ದೆ. ಆಗ ನನ್ನ ತರಗತಿಯಲ್ಲಿ ದಮ್ಮಿನ ಕಾಯಿಲೆಯ ಹುಡುಗಿಯೊಬ್ಬಳಿದ್ದಳು. ಈ ಪ್ರಸಂಗಗಳೆಲ್ಲ ಅವಳವೇ.

ಸೇರಿದ ದಿನ

ಅವಳನ್ನು ಕರೆತಂದವರು ಅಕ್ಕಿ ಗಿರಣಿ ನಡೆಸುತ್ತಿದ್ದ ಅವಳ ತಾತ. ಇನ್ನೊಂದು ಸಾಲಿಯವರು, "ಇಲ್ಲಿ ಉಸಿರು ನಿಂತ್ರ ನಮ್ಮ ತಲಿಗೆ ಬರ್ತೈತಿ" ಎಂದು ವಾಪಸು ಕಳಿಸಿದ್ದರಂತೆ.

"ಓಡಸಬ್ಯಾಡ್ರಿ ಮೇಷ್ಟ್ರೇ, ಬೈಬ್ಯಾಡ್ರಿ, ಅಳಸಬ್ಯಾಡ್ರಿ" ಅಂದರು ತಾತ.

"ಪಾಠ ಹೇಳಬಹುದೇನ್ರಿ?"

ಮುದುಕರು ಗಂಭೀರವಾಗಿ ಯೋಚಿಸಿ, "ಹಗೂರಕ ಹೇಳ್ರಿ" ಅಂದರು.

ಎಲ್ಲರಿಗೂ ದಮ್ಮು

ಸೀಮೆಸುಣ್ಣದ ಪುಡಿ ಅವಳಿಗೆ ಆಗುತ್ತಿರಲಿಲ್ಲ. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದೆ. ಉಸಿರು ಕಟ್ಟಿದರೆ ಅವಳು ಹೊರಗೆ ಬೇವಿನ ಮರದ ಕೆಳಗೆ ಕೂರಬಹುದು, ದಮ್ಮು ಜೋರಾದ ದಿನ ಲೆಕ್ಕವಿಲ್ಲ, ಯಾರ ಜೊತೆಗಾದರೂ ಸೀದಾ ಮನೆಗೆ ಹೋಗಬಹುದು ಎಂದೂ ಹೇಳಿದೆ. ಮರುದಿನ ಲೆಕ್ಕದ ಹೊತ್ತಿಗೆ ಇಡೀ ತರಗತಿಗೆ ದಮ್ಮು ಹತ್ತಿತು. ಖೊಕ್ ಖೊಕ್ ಎಂದು ಛಾವಣಿ ಹಾರುವಂಥ ಕೆಮ್ಮು.

ನಾನು ಅವಳ ಮುಖ ನೋಡಿದೆ. ಅವಳು ಎದ್ದು, ಒಬ್ಬೊಬ್ಬರ ಬೆನ್ನಿಗೂ ಕಿವಿಯಿಟ್ಟು ಆಲಿಸಿ ಬಂದಳು.

"ಎಲ್ಲಾ ಸುಳ್ಳ್ರಿ. ಇಷ್ಟು ಜೋರು ಕೆಮ್ಮಾಕ ಉಸಿರು ಬೇಕ್ರಿ. ಇವರಿಗೆ ನನ್ನ ಪಾಲಿಂದೂ ಐತಿ!"

ಯಾರು ಸೇದೋರು?

ಹೊಸಪೇಟೆಯ ಡಾಕ್ಟರು ಒಂದು ಪುಡಿ ಕೊಟ್ಟಿದ್ದರು. ದಮ್ಮು ಎದ್ದಾಗ ತಟ್ಟೆಯಲ್ಲಿ ಸುಟ್ಟು ಹೊಗೆ ಎಳೆಯಬೇಕು. ಒಂದು ದಿನ ಅವಳ ಎದೆ ಸಿಳ್ಳೆ ಹಾಕತೊಡಗಿತು, ತುಟಿ ನೀಲಿಗಟ್ಟಿತು. ನಾನು ತಟ್ಟೆ ತಂದಿಟ್ಟೆ. ಕಡ್ಡಿ ಗೀರಿ ಪುಡಿ ಹೊತ್ತಿಸಿದೆ. ಅವಳು ಹೊಗೆ ಎಳೆಯುತ್ತ ಎಳೆಯುತ್ತ ಮೆಲ್ಲಗೆ ಸುಧಾರಿಸಿಕೊಂಡಳು.

ಅಷ್ಟರಲ್ಲಿ ವಾಸನೆ ಹಿಡಿದು ಹೆಡ್ಮಾಸ್ತರು ಬಂದರು. "ಯಾರ್ಲೇ ಬೀಡಿ ಸೇದೋರು?"

ಮಕ್ಕಳೆಲ್ಲ ಒಂದೇ ದನಿಯಲ್ಲಿ, "ಇಕಿ ರೀ!"

ಹುಡುಗಿ ಏದುಸಿರಿನಲ್ಲೇ, "ಡಾಕ್ಟ್ರು... ಸೇದು ಅಂದಾರ್ರಿ."

ಹೆಡ್ಮಾಸ್ತರು ಜೇಬಿನಲ್ಲಿದ್ದ ತಮ್ಮ ಬೀಡಿ ಕಟ್ಟನ್ನು ಸವರಿಕೊಂಡು ನಿಟ್ಟುಸಿರಿಟ್ಟರು. "ಅದ ಡಾಕ್ಟ್ರು ನನಗ ಬಿಡು ಅಂದಾನಲ್ಲವಾ!"

ಇನ್‌ಸ್ಪೆಕ್ಟರ್ ಸಾಹೇಬರು

ಬಳ್ಳಾರಿಯಿಂದ ಸಾಲಿ ಇನ್‌ಸ್ಪೆಕ್ಟರು ಬಂದರು. ಬಿಳಿ ಮೀಸೆ, ಭಾಳ ಬಿಗಿ ಮನುಷ್ಯ. ಅವರ ವರದಿ ಕೆಟ್ಟರೆ ಹೆಡ್ಮಾಸ್ತರರ ನೌಕರಿಗೇ ಸಂಚಕಾರ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಧೂಳು ಕುಡಿದು ಬಂದಿದ್ದ ಸಾಹೇಬರು ಮೊದಲ ಪ್ರಶ್ನೆಗೆ ಬಾಯಿ ತೆರೆದರು; ಮಾತಿನ ಬದಲು ಸಿಳ್ಳೆ ಬಂತು. ಮುಖ ಕೆಂಪಾಯಿತು. ಅವರಿಗೂ ದಮ್ಮಿತ್ತು! ನಾವು ದೊಡ್ಡವರೆಲ್ಲ ಗಾಬರಿಯಾಗಿ ನಿಂತೆವು.

ನಮ್ಮ ಹುಡುಗಿ ಮಾತ್ರ ನೆಟ್ಟಗೆ ಎದ್ದು ಹೋದಳು. "ಕುಂದ್ರಿ ಸಾಹೇಬ್ರ. ಮುಂದಕ್ಕ ಬಗ್ರಿ. ಕೈ ಮಣಕಾಲ ಮ್ಯಾಲ ಇಡ್ರಿ. ತುಟಿ ಸಣ್ಣಗ ಮಾಡಿ ಉಸಿರು ಬಿಡ್ರಿ. ಮಾತಾಡಬ್ಯಾಡ್ರಿ!"

ಜಿಲ್ಲೆಯ ಮೇಷ್ಟ್ರುಗಳನ್ನೆಲ್ಲ ನಡುಗಿಸುತ್ತಿದ್ದ ಸಾಹೇಬರು ಹೇಳಿದಂತೆ ಕೇಳಿದರು. ಹೆಡ್ಮಾಸ್ತರು ನನ್ನ ಕಿವಿಯಲ್ಲಿ, "ಇನ್ನೊಂದಿಷ್ಟು ಹೊತ್ತು ಹಂಗ ಕುಂದ್ರಸು ಅನ್ರಿ" ಅಂದರು.

ಉಸಿರು ಹದಕ್ಕೆ ಬಂದ ಮೇಲೆ ಸಾಹೇಬರು ಕೇಳಿದರು: "ಇನ್ನ ಲೆಕ್ಕ ಕೇಳಲೇನವಾ?"

"ಛೇ, ದಮ್ಮು ಬಂದ ದಿನ ಲೆಕ್ಕ ಇಲ್ರಿ. ಸೀದಾ ಮನಿಗೆ ಹೋಗ್ರಿ."

ಸಾಹೇಬರು ವಿಧೇಯರಾಗಿ ಟೋಪಿ ಎತ್ತಿಕೊಂಡರು. ಬಾಗಿಲು ದಾಟುವಾಗ ಹಿಂದಿನಿಂದ ಅವಳು ಕೂಗಿದಳು:

"ಒಬ್ಬರ ಹೋಗಬ್ಯಾಡ್ರಿ! ಮತ್ತ, ನಾಳೆ ಬರುವಾಗ ನಿಮ್ಮಪ್ಪನ್ನ ಕರ್ಕೊಂಡು ಬರ್ರಿ!"