ಬಿರುಕು ಕಾಯುವ ಸೋದರಮಾವ

ಜಗತ್ತಿನಲ್ಲಿ ವಸ್ತುಗಳನ್ನು ಮಾಡಿ ಸಂಬಳ ಪಡೆಯುವವರಿದ್ದಾರೆ, ಮಾರಿ ಸಂಬಳ ಪಡೆಯುವವರಿದ್ದಾರೆ. ಹಾಳುಮಾಡಿ ಸಂಬಳ ಪಡೆದವರು ನಾನು ಬಲ್ಲಂತೆ ಒಬ್ಬರೇ: ನನ್ನ ಸೋದರಮಾವ!

ಈ ಮಾತಿನಲ್ಲಿ ಉತ್ಪ್ರೇಕ್ಷೆಯಿದೆಯೆಂದು ಯಾರೂ ಭಾವಿಸಬಾರದು. ರಾಜಾಜಿನಗರದಲ್ಲಿ ಆಗಷ್ಟೇ ಕಾರ್ಖಾನೆಗಳು ತಲೆಯೆತ್ತುತ್ತಿದ್ದ ಕಾಲ. ಅವುಗಳಲ್ಲೊಂದು ಪ್ಲಾಸ್ಟಿಕ್ಕಿನ ಕರಿಯ ಕೊಳವೆಗಳನ್ನು ತಯಾರಿಸತೊಡಗಿತ್ತು. ಅವುಗಳ ಗಟ್ಟಿತನವನ್ನು ಪರೀಕ್ಷಿಸುವ ಹುದ್ದೆ ಮಾವನವರದು. ಕೊಳವೆಯಿಂದ ಒಂದು ಪಟ್ಟಿಯನ್ನು ಕತ್ತರಿಸುವುದು, ಅದಕ್ಕೆ ಬ್ಲೇಡಿನಿಂದ ಗೀರು ಹಾಕುವುದು, ಬಿಲ್ಲಿನಂತೆ ಬಗ್ಗಿಸಿ ಬಿಸಿ ಸೋಪಿನ ನೀರಿನಲ್ಲಿ ಮುಳುಗಿಸುವುದು. ಅನಂತರ ಬಿರುಕು ಬಿಡುತ್ತದೆಯೇ ಎಂದು ಅದರ ಮುಖವನ್ನೇ ನೋಡುತ್ತ ಕೂರುವುದು. ಇದು ಉದ್ಯೋಗ! ನಮ್ಮ ವಂಶದಲ್ಲಿ ಮೊದಲ ಬಾರಿಗೆ ಬಿ.ಎ. ಮುಗಿಸಿ ಕಚೇರಿ ಸೇರಿದ್ದ ನನಗೆ, ಇದನ್ನು ನಾಲ್ಕು ಜನರ ಮುಂದೆ ಹೇಗೆ ವರ್ಣಿಸಬೇಕೆಂಬುದೇ ತಿಳಿಯುತ್ತಿರಲಿಲ್ಲ.

“ಸೋಪೇ ಯಾಕೆ ಮಾವ?” ಎಂದು ಒಮ್ಮೆ ಕೇಳಿದೆ.

“ಸುಮ್ನೆ ನೆಟ್ಟಗಿರೋವಾಗ ಎಲ್ಲಾ ಗಟ್ಟೀನೇ ಕಣೋ. ಬಗ್ಗಿಸಿ, ಗೀರಿ, ಸೋಪ್‌ನೀರಲ್ಲಿ ಮುಳುಗಿಸು. ಆಗ ಅದರ ಬಂಡವಾಳ ಆಚೆ ಬರುತ್ತೆ!”

ಬಗ್ಗುವುದು, ಮುಳುಗುವುದು ಎರಡೂ ನಮ್ಮ ಕಚೇರಿಯಲ್ಲಿ ಯಥೇಚ್ಛವಾಗಿ ನಡೆಯುತ್ತಿದ್ದವು. ಆದರೆ ಅದನ್ನು ಅಲ್ಲಿ ಯಾರೂ ವಿಜ್ಞಾನವೆಂದು ಕರೆದಿರಲಿಲ್ಲ.

ಮಾವನವರ ವಾಸ ನಮ್ಮ ಜೊತೆಯಲ್ಲೇ ಆದ್ದರಿಂದ, ಕಾರ್ಖಾನೆಯಲ್ಲಿ ಮುಗಿಯದ ಈ ವಿಜ್ಞಾನ ಮನೆಗೂ ಬಂದಿತು. ನಮ್ಮ ಮನೆಗೆ ಆಗ ನಲ್ಲಿಯಿರಲಿಲ್ಲ. ಬೀದಿಯ ಕೊನೆಯ ನಲ್ಲಿಯಿಂದ ಅಮ್ಮನೇ ಕೊಡಗಳಲ್ಲಿ ನೀರು ಹೊತ್ತು ತರಬೇಕು. ಸೊಂಟದ ನೋವಿಗೆ ಹರಳೆಣ್ಣೆ ತಿಕ್ಕಿಕೊಳ್ಳುವುದು, ಬೆಳಗಾದರೆ ಮತ್ತೆ ಕೊಡ ಎತ್ತುವುದು. ಹೀಗೆ ಬಂದ ನೀರು ಕಾದಿದೆಯೆಂದು ಒಂದು ದಿನ ಹಂಡೆಯ ಮುಚ್ಚಳ ತೆಗೆದರೆ, ಒಳಗೆ ಕರಿಯ ಪಟ್ಟಿಗಳು ಸಾಲಾಗಿ ಬಾಗಿ ಕುಳಿತಿವೆ!

“ಮಾವ, ನನಗೆ ಆಫೀಸಿಗೆ ಹೊತ್ತಾಯ್ತು!”

“ಅದರಲ್ಲೇ ಮಾಡೋ ಸ್ನಾನ. ಸೋಪು ಆಗ್ಲೇ ಬೆರೆಸಿದೀನಿ, ನಿನಗೆ ಉಜ್ಜೋ ಕೆಲ್ಸಾನೂ ಉಳೀತು.”

ಇನ್ನೊಂದು ಪ್ರಸಂಗ. ನನ್ನ ಕೆಲಸವಿನ್ನೂ ಖಾಯಂ ಆಗಿರಲಿಲ್ಲ. ಮಾರೇನಹಳ್ಳಿಯ ಕಡೆ ನಿವೇಶನ ನೋಡಲು ಹೊರಟಿದ್ದ ನಮ್ಮ ಸೂಪರಿಂಟೆಂಡೆಂಟರು ದಯಮಾಡಿ ನಮ್ಮಲ್ಲಿ ಕಾಫಿಗೆ ನಿಂತರು. ಗಾಳಿಗೆ ಕೆದರಿದ ಕೂದಲನ್ನು ಸರಿಪಡಿಸಲು ಜೇಬಿನಿಂದ ಪ್ಲಾಸ್ಟಿಕ್ ಬಾಚಣಿಗೆ ಹೊರತೆಗೆದು ಬೈತಲೆ ತೆಗೆಯತೊಡಗಿದರು. ಮಾವನವರ ಕಣ್ಣು ಹೊಳೆಯಿತು.

“ಒಂದ್ನಿಮಿಷ ಕೊಡಿ ಸಾರ್ ಅದನ್ನ,” ಎಂದವರೇ ಕಸಿದು ಬಗ್ಗಿಸಿದರು. ಟಪ್!

“ಮಾಲು ಸರಿಯಿಲ್ಲ ಸಾರ್. ಎಲ್ಲಿ ತಗೊಂಡ್ರಿ?”

ಸೂಪರಿಂಟೆಂಡೆಂಟರು ಅರ್ಧ ಬೈತಲೆಯೊಂದಿಗೆ ನಿವೇಶನ ನೋಡಲು ಹೊರಟುಹೋದರು.

ಕೊನೆಗೆ ನಮ್ಮ ಮನೆಗೂ ನಲ್ಲಿ ಹಾಕಿಸಲು ಅನುಮತಿ ಬಂದಿತು. ರಸ್ತೆಯಿಂದ ಬಚ್ಚಲಮನೆಯವರೆಗೆ ಅಳೆದು, ಅಷ್ಟೇ ಉದ್ದದ ಕರಿಯ ಕೊಳವೆಯನ್ನು ಮಾವನವರೇ ಸುರುಳಿ ಸುತ್ತಿ ಹೆಗಲ ಮೇಲೆ ತಂದರು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಇನ್ನೇನು ಬೇಕು? ಹೂಳುವುದಷ್ಟೇ!

“ಟೆಸ್ಟ್ ಮಾಡ್ದೆ ಹೂಳೋ ಹಾಗಿಲ್ಲ,” ಎಂದರು ಮಾವ.

ಒಂದು ತುದಿಯಿಂದ ತುಂಡು ಕತ್ತರಿಸಿದರು. ಅದು ಬಿರುಕು ಬಿಡಲಿಲ್ಲ. ಸಂತೋಷಪಡಬೇಡವೇ? ಇಲ್ಲ! “ಈ ತುದಿ ಚೆನ್ನಾಗಿದ್ರೆ ಆ ತುದೀನೂ ಚೆನ್ನಾಗಿರುತ್ತೆ ಅಂತ ಯಾರೋ ಹೇಳಿದ್ದು?” ಎಂದು ಆ ತುದಿಯನ್ನೂ ಕತ್ತರಿಸಿದರು. ಅದೂ ಒಡೆಯದಿದ್ದಾಗ, ನೀರು ಸಾಕಷ್ಟು ಬಿಸಿಯಿರಲಿಲ್ಲವೆಂಬ ಸಂಶಯ. ಮತ್ತೊಂದು ತುಂಡು. ಬಗ್ಗಿಸಿದ್ದು ಸಾಲದೆಂಬ ಸಂಶಯ. ಇನ್ನೊಂದು ತುಂಡು! ರೋಗಿಯ ಬೆರಳುಗಳನ್ನು ಒಂದೊಂದಾಗಿ ಕತ್ತರಿಸಿ, “ಆರೋಗ್ಯ ಚೆನ್ನಾಗಿದೆ” ಎನ್ನುವ ವೈದ್ಯರನ್ನು ಯಾರಾದರೂ ಕಂಡಿದ್ದೀರಾ? ಅಷ್ಟು ದಿನವೂ ಅಮ್ಮ ಬೀದಿಯಿಂದ ಕೊಡ ಹೊರುತ್ತಲೇ ಇದ್ದಳು.

ಅಂತೂ “ಪಾಸು!” ಎಂಬ ಘೋಷಣೆಯಾಯಿತು. ನಲ್ಲಿ ಕೆಲಸದವನು ಕಾಲುವೆ ತೋಡಿ ಕೊಳವೆಯನ್ನು ಎಳೆದ. ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಕೊಳವೆ ಜಗಲಿಯ ಬುಡದಲ್ಲಿ ಮುಗಿದುಹೋಯಿತು. ಬಚ್ಚಲಮನೆ ಎಲ್ಲಿಯೋ ಒಳಗಿದೆ!

“ನೋಡಮ್ಮ, ನಿನ್ನ ತಮ್ಮನ ವಿಜ್ಞಾನ!” ನಾನು ಬೀದಿಗೆಲ್ಲ ಕೇಳುವಂತೆ ಹೇಳಿದೆ. “ಅಷ್ಟು ಭಯ ಯಾಕೆ ಮಾವ ನಿಮಗೆ? ಒಡೆದರೆ ಬೇರೆ ಹಾಕಿಸಿದ್ರಾಯ್ತಪ್ಪ!”

ಮಾವ ಕೊಳವೆಯ ತುದಿಯನ್ನು ಹಿಡಿದು ಕುಕ್ಕರಗಾಲಿನಲ್ಲಿಯೇ ಕುಳಿತಿದ್ದರು.

“ಒಡೆದ್ರೆ ನಿನಗೇನೋ? ಷರಟು ಹಾಕ್ಕೊಂಡು ಆಫೀಸಿಗೆ ಹೋಗ್ತೀಯ. ನೆಲ ಅಗೆದು ಬೇರೆ ಹಾಕೋವರೆಗೂ ಬೀದಿಗೆ ಹೋಗೋಳು ಅಕ್ಕ. ನಮ್ಮಮ್ಮ ಸತ್ತಾಗ ನಂಗಿನ್ನೂ ನಡೆಯೋಕೆ ಬರ್ತಿರಲಿಲ್ಲ ಕಣೋ. ಇವಳ ಸೊಂಟದ ಒಂದು ಕಡೆ ಕೊಡ, ಇನ್ನೊಂದು ಕಡೆ ನಾನು. ಒಂದ್ಸಲ ಇಳಿಸಿದ ಕೊಡಾನ ಮತ್ತೆ ಎತ್ತು ಅಂತ ಹ್ಯಾಗೆ ಹೇಳೋದು ಅವಳಿಗೆ?”

ಅಮ್ಮ ನಕ್ಕಳು.

“ಕೊಡ ಸುಮ್ಮನೆ ಕೂತಿರ್ತಿತ್ತು ಕಣಪ್ಪ. ಒದೀತಿದ್ದೋನು ಇವನೇ.”

ನಲ್ಲಿ ಕೆಲಸದವನು ಜಗಲಿಯ ಪಕ್ಕದಲ್ಲಿಯೇ ನಲ್ಲಿ ಕೂರಿಸಿ ತಿರುಗಿಸಿದ. ನೀರು ಬಂತು. ಮಾವ ಕೊಡ ತುಂಬಿಸಿ, ಅಮ್ಮ ಕೈ ಚಾಚುವ ಮೊದಲೇ ಹೆಗಲಿಗೇರಿಸಿಕೊಂಡು ಒಳಗೆ ನಡೆದರು. ನೀರಿನ ಹಿಂದೆ ಬರಿಗೈಯಲ್ಲಿ ನಡೆದು ಅಭ್ಯಾಸವೇ ಇಲ್ಲದ ಅಮ್ಮ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಸೆರಗಿನ ತುದಿಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಅವರನ್ನು ಹಿಂಬಾಲಿಸಿದಳು.