ಒಂದು ಸಲಕ್ಕೆ ಎಷ್ಟು ಸಾಲು

ಯಾರಾದರೂ ಒಂದು ಸಂಖ್ಯೆ ಹೇಳಿದರೆ ಅದನ್ನು ಹಾಗೇ ಒಪ್ಪಿಕೊಳ್ಳುವುದು ನನ್ನಿಂದಾಗದು. ಡಾಕ್ಟರು ಹತ್ತು ದಿನ ಮಾತ್ರೆ ಅಂದರೆ ಆರಕ್ಕೆ ಇಳಿಸಿಕೊಂಡೇ ಕುರ್ಚಿಯಿಂದ ಏಳುವವನು ನಾನು. ತರಗುಪೇಟೆಯಲ್ಲಿ ಮೂಟೆ ಹೊತ್ತು ಶುರುಮಾಡಿದವನು ಸ್ವಂತ ಬೇಳೆ ಅಂಗಡಿ ಇಟ್ಟದ್ದು ಈ ಗುಣದಿಂದಲೇ ಎಂದು ಕೇಳದವರಿಗೂ ಹೇಳಿದ್ದೇನೆ. ಗೀತಾ ವಿಷಯದಲ್ಲಿ ಮಾತ್ರ ಅದೇ ಗುಣ ನನ್ನ ಮಾನ ಕಳೆಯಿತು.

ಗೀತಾ ನಮ್ಮ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಎಂಜಿನಿಯರ್. ತ್ಯಾಗರಾಜನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ಬಂದ ಹೋದ ಒಂದೊಂದು ಮೂಟೆಗೂ ಒಂದೊಂದು ಸಾಲಿರುವ ನಮ್ಮ ದಾಸ್ತಾನಿನ ಪಟ್ಟಿ ಇರುವುದು ದೂರದ ಯಾವುದೋ ಊರಿನ ಸರ್ವರಿನಲ್ಲಿ. ಅಲ್ಲಿಂದ ಹತ್ತತ್ತೇ ಸಾಲು ಬರುತ್ತಿತ್ತು. ಪಟ್ಟಿ ಮುಗಿಯುವಷ್ಟರಲ್ಲಿ ಗಿರಾಕಿಗಳು ಆಕಳಿಸುತ್ತಿದ್ದರು. ಗೀತಾ ಎರಡು ದಿನ ಕೂತು, ಬೇರೆ ಬೇರೆ ಸಂಖ್ಯೆ ಹಾಕಿ, ಸಮಯ ಅಳೆದು, "ಸರ್, ಪ್ರತಿ ಸಲ ಸರ್ವರಿಗೆ ಹೋಗಿ ಬರೋದ್ರಲ್ಲೇ ಟೈಮ್ ಹೋಗ್ತಿದೆ. ಒಂದ್ಸಲಕ್ಕೆ ಐನೂರು ಸಾಲು ತರಿಸೋಣ" ಅಂದಳು.

ಐನೂರು! ನನ್ನ ಬಾಯಿ ತಾನಾಗೇ ತೆರೆಯಿತು. "ಐವತ್ತು ಸಾವಿರ ಮಾಡಮ್ಮ. ಲಾರಿ ಬಾಡಿಗೆಗೆ ಹಿಡಿದು ನಾಲ್ಕು ಮೂಟೆ ತರ್ತಾರಾ?" "ಲಾರಿ ದೊಡ್ಡದೇ ಸರ್, ಇಳಿಸ್ಕೊಳ್ಳೋ ಜಾಗ ಚಿಕ್ಕದು. ನಿಮ್ಮ ಕಂಪ್ಯೂಟರ್ ಹಳೇದು, ಮೆಮೊರಿ ಸಾಲಲ್ಲ." "ಹೋಗ್ಲಿ, ನಿನ್ನ ಮಾತೂ ಬೇಡ, ನನ್ನ ಮಾತೂ ಬೇಡ. ಇಪ್ಪತ್ತು ಸಾವಿರ." ಅವಳು ನನ್ನ ಮುಖ ನೋಡಿದಳು, ಇಪ್ಪತ್ತು ಸಾವಿರ ಹಾಕಿ ಹೋದಳು. ಗೆದ್ದೆ ಅಂದುಕೊಂಡೆ.

ಶನಿವಾರ ಅಂಗಡಿ ತುಂಬ ಜನ. ಕಂಪ್ಯೂಟರ್ ಉಸಿರು ಕಟ್ಟಿಕೊಂಡು ನಿಂತಿತು. ಪಟ್ಟಿಯಲ್ಲಿ ನೋಡದೆ ಮೂಟೆ ತೆಗೆಯಕೂಡದು ಎಂದು ನಿಯಮ ಮಾಡಿದವನೂ ನಾನೇ. ಶ್ರೀರಾಂಪುರದಲ್ಲಿ ಮೆಸ್ ನಡೆಸುವ ಹಳೇ ಗಿರಾಕಿ ಲಕ್ಷ್ಮಮ್ಮ, "ನಿಮ್ಮ ಪೆಟ್ಟಿಗೆ ಎದ್ದೇಳೋಷ್ಟರಲ್ಲಿ ನಮ್ಮ ಮೆಸ್ಸಲ್ಲಿ ಊಟದ ಹೊತ್ತೇ ಮುಗಿದೋಗುತ್ತೆ ಅಣ್ಣ" ಎನ್ನುತ್ತ ಎದುರಂಗಡಿಗೆ ನಡೆದರು. ಮೈ ಉರಿಯಿತು. ಗೀತಾಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಅಷ್ಟೂ ಜನರೆದುರು "ಕೆಲಸ ಬರದಿದ್ರೆ ಯಾಕಮ್ಮ ಕೈ ಹಾಕ್ತೀಯ?" ಎಂದೆ. ಸಂಖ್ಯೆ ನಿಮ್ಮದು ಎಂದು ಒಂದೇ ಮಾತಿಗೆ ಅವಳು ನನ್ನ ಬಾಯಿ ಮುಚ್ಚಿಸಬಹುದಿತ್ತು. "ಬರ್ತೀನಿ ಸರ್" ಅಂದಳು, ಅಷ್ಟೆ. ಬಂದು ಐನೂರು ಹಾಕಿದಳು. ಪಟ್ಟಿ ಸರಸರ ಬಂತು. ಕಾಫಿ ತರಿಸಿದೆ, ಮುಟ್ಟಲಿಲ್ಲ. ಮುಂದಿನ ವಾರ ಅವಳ ಆಫೀಸಿನಿಂದ ಬೇರೆಯವರು ಬಂದರು. ಆ ಅಂಗಡಿಗೆ ಕಳಿಸಬೇಡಿ ಎಂದು ಅವಳೇ ಕೇಳಿಕೊಂಡಳಂತೆ.

ಹದಿನೈದು ದಿನ ಹಿಂದೆಮುಂದೆ ನೋಡಿ, ಕಡೆಗೆ ನಾನೇ ಫೋನ್ ಮಾಡಿದೆ. "ತಪ್ಪು ನಂದೇ ಕಣಮ್ಮ" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಆದ್ರೆ ನನ್ನಂಥೋರ ಹತ್ರ ನೀನೂ ಇಷ್ಟು ಮೆತ್ತಗಿರಬಾರ್ದು. ಗಟ್ಟಿಯಾಗಿ ಹೇಳೋದು ಕಲಿ" ಎಂದು ಸೇರಿಸಿದೆ.

"ಸರಿ ಸರ್. ಗಟ್ಟಿಯಾಗೇ ಹೇಳ್ತೀನಿ. ನಿಮ್ಮ ಅಂಗಡಿಗೆ ನಾನು ಇನ್ನು ಬರಲ್ಲ."

"ತಿಂಗಳಿಗೊಂದ್ಸಲ?" ಅಂದುಬಿಟ್ಟೆ.