ಮೂರು ಒದೆಯ ಮದ್ದು

ಚಳುಕು... ಅಲ್ಲ. ಉಬುಕು... ಅದೂ ಅಲ್ಲ. ಹಾಂ, ಉಳುಕು. ಹಾಗೇ ಬರಕೊ, ಮೊಮ್ಮಗಳೇ. ಪಿರಿಯಾಪಟ್ಟಣದ ಕಡೆಯಿಂದ ಬೆಳಗಾವಿಗೆ ಬಂದು ಎಷ್ಟೋ ವರ್ಷವಾಯಿತು. ಮಾತು ಮರೆಯುತ್ತದೆ, ಮಂಡಿ ಮರೆಯುವುದಿಲ್ಲ. ನನ್ನಂಥ ಹೊಟ್ಟೆಕಿಚ್ಚಿನವರ ಬಾಳಿನಲ್ಲಿ ಇಂಥ ಉಳುಕು ಇದ್ದದ್ದೇ. ನನ್ನ ಮಂಡಿ ಉಳುಕಿದಾಗ ಇನ್ನೂ ಮಹಾರಾಜರ ಕಾಲ.

೧. ಗದ್ದೆಯಲ್ಲಿ

ರಾವಂದೂರಿನ ಹತ್ತಿರ ನಮ್ಮ ಗದ್ದೆ. ನಾಟಿ ಹಾಕುತ್ತಿದ್ದೆ. ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ತೌರಿನಿಂದ ಬರುತ್ತಿದ್ದಳು. ಮೈಮೇಲೆ ಹೊಸ ಸೀರೆ. ಸರಿಯಾಗಿ ನೋಡೋಣವೆಂದು ಗಕ್ಕನೆ ತಿರುಗಿದೆ. ಮೈ ತಿರುಗಿತು, ಕಾಲು ಕೆಸರಿನಲ್ಲೇ ಇತ್ತು. ಮಂಡಿ ಲಟಕ್ಕೆಂದಿತು.

ಎತ್ತಿ ಬದುವಿನ ಮೇಲೆ ಕೂರಿಸಿ ಅತ್ತೆ ಕೇಳಿದರು, "ಎಲ್ಲಿ ಕಣಮ್ಮಿ ನೋವು?"

"ಅದು ಜರಿ ಅಂಚಾ, ಅತ್ತೆ?" ಅಂದೆ.

೨. ಹಿಟ್ಟಿನ ಕೋಲು

ನಮ್ಮನೆಯಲ್ಲಿ ಮುದ್ದೆ ತೊಳಸುವ ಕೋಲು ಹಿರಿಸೊಸೆಯಾದ ನನ್ನದು. ಕೋಲು ಹಿಡಿದವಳದೇ ಅಡುಗೆಮನೆ. ಆದರೆ ತೊಳಸುವಾಗ ಮಡಕೆ ಅಲ್ಲಾಡದಂತೆ ಅದರ ಕತ್ತಿಗೆ ಕವಲುಳ್ಳ ಕವೆಗೋಲು ಕೊಟ್ಟು ಕಾಲಿನಲ್ಲಿ ಒತ್ತಿ ಹಿಡಿಯಬೇಕು. ಅದಕ್ಕೆ ಮಂಡಿ ಒಪ್ಪಲಿಲ್ಲ. ಎಣ್ಣೆ ತಿಕ್ಕಿದರು, ಹುಣಸೆ ಸೊಪ್ಪು ಕಟ್ಟಿದರು. ತಿಂಗಳಾದರೂ ನೋವು ಹೋಗಲಿಲ್ಲ, ಕೋಲು ಹೋಯಿತು, ಓರಗಿತ್ತಿಯ ಕೈಗೆ.

ನನ್ನನ್ನು ನೋಡಲು ಬಂದವರೆಲ್ಲ ಉಂಡೇ ಹೋಗುತ್ತಿದ್ದರು. "ಮುದ್ದೆ ಬೆಣ್ಣೆ ಇದ್ದಂಗದೆ ಕಣವ್ವ" ಎಂದು ಅವಳಿಗೆ. "ನೀನು ನಿದಾನಕ್ಕೆ ಉಸಾರಾಗವ್ವ" ಎಂದು ನನಗೆ.

೩. ಒದೆ

ಕಾಲು ಮುಂದಾಗಿ ಹುಟ್ಟಿದವರು ಮೂರು ದಿನ ಬೆಳಗ್ಗೆ ಒದ್ದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಊರಿನಲ್ಲಿ ಹಾಗೆ ಹುಟ್ಟಿದವಳು ಒಬ್ಬಳೇ. ನನ್ನ ಓರಗಿತ್ತಿ.

"ಅಕ್ಕನ್ನ ಒದೆಯೋದಾ? ಪಾಪ ಸುತ್ಕತದೆ" ಎಂದು ಅವಳು ಹಿಂದೆ ಸರಿದಳು. ಕೋಲು ಬೇಕಿದ್ದರೆ ಮಂಡಿ ನೆಟ್ಟಗಾಗಬೇಕಲ್ಲ. "ಒದಿ ಕಣಮ್ಮಿ" ಎಂದು ನಾನೇ ಬೇಡಿಕೊಂಡೆ.

ಮೊದಲ ದಿನ ಹೂವಿನಂತೆ ಕಾಲು ಸೋಕಿಸಿ, ಆಮೇಲೆ ನನ್ನ ಪಾದಕ್ಕೆ ಬಿದ್ದಳು. ಅತ್ತೆಗೆ ಅವಳ ಮೇಲೆ ಇನ್ನಷ್ಟು ಪ್ರೀತಿ ಉಕ್ಕಿತು. ತಡೆಯಲಾರದೆ, "ನೋವೆಲ್ಲ ಹೋಯ್ತು" ಎಂದು ಸುಳ್ಳು ಹೇಳಿ ಕೋಲು ಕಿತ್ತುಕೊಂಡೆ. ಕವೆಗೋಲು ಒತ್ತಲಾಗದೆ ಮಡಕೆ ಕುಣಿಯಿತು. ಮುದ್ದೆ ತುಂಬ ಗಂಟು. ನನ್ನ ಗಂಡ ಒಂದು ತುತ್ತು ನುಂಗಿ ಅತ್ತೆಯ ಕಡೆ ತಿರುಗಿದರು.

"ಅವ್ವ, ಇನ್ನೂ ಎಲ್ಡು ಒದೆ ಬಾಕಿ ಅವಲ್ವಾ?"

ಕೋಲು ಮತ್ತೆ ಅವಳ ಕೈಗೆ ಹೋಯಿತು. ಎರಡನೆಯ ಒದೆಯೂ ಹೂವೇ. ಮೂರನೆಯ ದಿನ ಅವಳು ಕಾಲೆತ್ತಿದಾಗ ಅತ್ತೆ ಅಂದರು, "ಇದೊಂದಾದ್ರೆ ಕೋಲು ಹಿರಿಯವಳಿಗೇ ಬುಡು." ಆ ಒದೆಗೆ ನಾನು ಗೋಡೆಗೆ ಹೋಗಿ ಬಿದ್ದೆ. ಅವಳ ಹೊಟ್ಟೆಯಲ್ಲೂ ನನ್ನಷ್ಟೇ ಕಿಚ್ಚಿದೆಯೆಂದು ಅವತ್ತು ತಿಳಿಯಿತು. ಬಿದ್ದಲ್ಲಿಂದಲೇ ಕೈ ಚಾಚಿದೆ.

ಮೊಮ್ಮಗಳೇ, ಬರಕೊಳ್ಳಮ್ಮಿ: ಮಂಡಿ ಇವತ್ತಿಗೂ ವಾಸಿಯಾಗಿಲ್ಲ. ಕೋಲು ಮಾತ್ರ ಅವತ್ತೇ ಇಸಕೊಂಡೆ.